ಅರ್ಧ ಮಿಲಿಮೀಟರ್ ವಾರೆ: ಮನೆಯಲ್ಲಿ ಕಟ್ಟಿದ ಒಂದು ಎಲೆಕ್ಟ್ರಿಕ್ ಗಿಟಾರಿನ ಪ್ರಕರಣ

ಇದು ಒಂದೇ ಗಿಟಾರಿನ ಕಥೆ. ಮಂಗಳೂರಿನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ನಾನೂ ಮಗಳೂ ಸೇರಿ ಕಟ್ಟಿದ್ದು. ಮೇ ಕೊನೆಗೆ ಶುರು ಮಾಡಿದೆವು, ಡಿಸೆಂಬರಿನಲ್ಲಿ ಮುಗಿಸಿದೆವು. ಬಿಡಿ ಭಾಗಗಳ ಕಿಟ್ ಜೊತೆ ಬಂದ ಒಂದು ಹಾಳೆಯ ಸೂಚನೆ ಓದಿದರೆ ಕೆಲವೇ ದಿನಗಳ ಕೆಲಸ ಅನ್ನಿಸುತ್ತದೆ. ನಮಗೆ ಏಳು ತಿಂಗಳು ಬೇಕಾಯಿತು. ದಿನ ದಿನದ ಅಳತೆ, ಆದ ತಪ್ಪು, ಮಾಡಿದ ಸರಿಪಡಿಕೆ ಎಲ್ಲವನ್ನೂ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಅದನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಣ್ಣ, ಪಾಲಿಶ್ ಮಾಡುವ ಮೊದಲೇ ಗಿಟಾರನ್ನು ಒಮ್ಮೆ ಜೋಡಿಸಿ ಅಳೆದು ನೋಡಬೇಕು. ನಾವು ಹಾಗೆ ಮಾಡಲು ಹೊರಟವರಲ್ಲ. ನಮಗೆ ಬಣ್ಣದ ಮೇಲೇ ಆಸೆ ಇತ್ತು. ಮಳೆ ಬಂದು ಪಾಲಿಶ್ ಕೆಡಿಸಿತು, ಹಾಗಾಗಿ ಬೇರೆ ಕೆಲಸ ಇಲ್ಲದೆ ಜೋಡಿಸಿ ನೋಡಿದೆವು. ಆಗ ಕಂಡ ತಪ್ಪು ಪಾಲಿಶ್ ಆದ ಮೇಲೆ ಕಂಡಿದ್ದರೆ ಈ ಗಿಟಾರು ಶ್ರುತಿಯಲ್ಲಿ ನುಡಿಯುತ್ತಲೇ ಇರಲಿಲ್ಲ.

ಪೆಟ್ಟಿಗೆಯಲ್ಲಿ ಇದ್ದದ್ದು

ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಎರಡು ದಿನಕ್ಕೆ ಪಾರ್ಸೆಲ್ ಬಂತು. ಬಾಸ್‌ವುಡ್ ಮರದ ಬಾಡಿ, ಮೇಪಲ್ ಮರದ ನೆಕ್ (ಕೈಯಲ್ಲಿ ಹಿಡಿಯುವ ಉದ್ದ ದಂಡ), ಎರಡು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಮಾಡುವ ಸುರುಳಿ), ಬ್ರಿಜ್ (ಬಾಡಿಯ ಮೇಲೆ ತಂತಿಗಳು ಕೂರುವ ತಗಡು), ಆರು ಬಿರಡೆ, ವಾಲ್ಯೂಮ್ ಮತ್ತು ಟೋನ್ ಪಾಟ್ (ತಿರುಗಿಸುವ ಗುಂಡಿಯ ಭಾಗ), ಮೂರು ಕಡೆ ತಿರುಗುವ ಸ್ವಿಚ್, ಕೇಬಲ್ ಚುಚ್ಚುವ ಜ್ಯಾಕ್, ಒಂದು ಪೊಟ್ಟಣ ತುಂಬ ಸ್ಕ್ರೂ. ಮಾದರಿ ಟೆಲಿಕಾಸ್ಟರಿನದು.

ಈ ಮಾದರಿಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1950ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಮೊದಲು ಬ್ರಾಡ್‌ಕಾಸ್ಟರ್ ಅಂತ ಹೆಸರಿಟ್ಟಿದ್ದರು. ಗ್ರೆಚ್ ಕಂಪನಿಯ ಡ್ರಮ್ಮಿಗೆ ಅದೇ ಥರದ ಹೆಸರಿದ್ದುದರಿಂದ 1951ರಲ್ಲಿ ಟೆಲಿಕಾಸ್ಟರ್ ಆಯಿತು. ಫೆಂಡರ್ ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅವರು ನೋಡಿದ್ದು ರಿಪೇರಿಯವರ ಕಣ್ಣಿನಿಂದ. ಹಳೆಯ ಗಿಟಾರುಗಳಲ್ಲಿ ನೆಕ್ಕನ್ನು ಬಾಡಿಯೊಳಗೆ ಅಂಟು ಹಾಕಿ ಕೂರಿಸುತ್ತಿದ್ದರು. ಇವರು ಚಪ್ಪಟೆ ಹಲಗೆಯಂಥ ಬಾಡಿಯಲ್ಲಿ ಒಂದು ಗುಳಿ ಕೊರೆದು, ನೆಕ್ಕನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದರು. ನೆಕ್ ಹಾಳಾದರೆ ಬಿಚ್ಚಿ ಇನ್ನೊಂದು ಹಾಕಬಹುದು. ಇವತ್ತು ಮನೆಯಲ್ಲಿ ಕೂತು ಗಿಟಾರು ಜೋಡಿಸಲು ಆಗುತ್ತದೆ ಅಂದರೆ ಅದರ ಬೇರು ಆ ನಾಲ್ಕು ಸ್ಕ್ರೂಗಳಲ್ಲಿದೆ. ನಮ್ಮ ತೊಂದರೆಯೂ ಅಲ್ಲೇ ಹುಟ್ಟಿತು.

ನೆಕ್ಕಿನ ತುದಿ, ಅಂದರೆ ಬಿರಡೆ ಕೂರುವ ಹೆಡ್‌ಸ್ಟಾಕ್, ಚೌಕ ಹಲಗೆಯಾಗಿಯೇ ಬಂದಿತ್ತು. ಫೆಂಡರ್ ಹೆಡ್‌ಸ್ಟಾಕ್ ಆಕಾರಕ್ಕೆ ಟ್ರೇಡ್‌ಮಾರ್ಕ್ ಇದೆ, ಅದನ್ನು ಬೇರೆಯವರು ಪರವಾನಗಿ ಇಲ್ಲದೆ ಕತ್ತರಿಸಿ ಮಾರುವ ಹಾಗಿಲ್ಲ. ಮಗಳಿಗೆ ಇದರಿಂದ ಖುಷಿಯೇ ಆಯಿತು. ತನ್ನದೇ ಆಕಾರ ಬಿಡಿಸಿ, ರಟ್ಟಿನಲ್ಲಿ ಕತ್ತರಿಸಿ ನೋಡಿ, ಆಮೇಲೆ ಸಣ್ಣ ಗರಗಸದಲ್ಲಿ ಕೊಯ್ದಳು.

ಉಜ್ಜಿದ್ದು, ಬಣ್ಣ ಹಚ್ಚಿದ್ದು

ಅವಳಿಗೆ ಹಣ್ಣಡಿಕೆಯ ಬಣ್ಣ ಬೇಕಿತ್ತು. ಅಂಗಳದಲ್ಲಿ ರಾಶಿ ಹಾಕಿದಾಗ ಕಾಣುತ್ತದಲ್ವಾ, ಹಳದಿಗೂ ಕೆಂಪಿಗೂ ನಡುವಿನ ಆ ಬಣ್ಣ. ಬಾಡಿಯನ್ನು ಮೊದಲು 120 ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆವು, ಆಮೇಲೆ 180, 220, 320. ನಾರಿನ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದರೆ ಆ ಗೀರು ಬರಿಗಣ್ಣಿಗೆ ಕಾಣದು, ಬಣ್ಣ ಬಿದ್ದ ಕೂಡಲೇ ಎದ್ದು ಕಾಣುತ್ತದೆ.

ಇಲ್ಲಿ ಒಂದು ಉಪಯೋಗದ ವಿಷಯ. ಇಂಥ ಬಾಡಿ ಒಂದೇ ಹಲಗೆಯದ್ದಲ್ಲ, ಎರಡು ಮೂರು ತುಂಡು ಅಂಟಿಸಿದ್ದು. ಅಂಟು ಹೊರಗೆ ಹಿಂಡಿ ಬಂದ ಕಡೆ ಮರ ಬಣ್ಣ ಕುಡಿಯುವುದಿಲ್ಲ. ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಬಾಡಿ ಪೂರ್ತಿ ಒರೆಸಿದರೆ ಒದ್ದೆಯಾದ ಮರ ಗಾಢವಾಗುತ್ತದೆ, ಅಂಟಿನ ಜಾಗ ತಿಳಿಯಾಗಿ ಉಳಿಯುತ್ತದೆ. ನಮಗೆ ಐದು ಕಡೆ ಸಿಕ್ಕಿತು. ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಷ್ಟನ್ನೇ ಮತ್ತೆ ಉಜ್ಜಿ ತೆಗೆದೆವು.

ಬಾಸ್‌ವುಡ್ ಮೆತ್ತಗಿನ ಮರ. ಬಣ್ಣವನ್ನು ನೇರ ಹಚ್ಚಿದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಹೀರಿ ಕಲೆ ಕಲೆಯಾಗುತ್ತದೆ. ಹಾಗಾಗಿ ಮೊದಲು ತೆಳುವಾಗಿ ಒಂದು ಕೋಟ್ ಸೀಲರ್ (ಮರದ ರಂಧ್ರ ಮುಚ್ಚುವ ದ್ರವ) ಕೊಟ್ಟು, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಮತ್ತೆ ಎರಡು ಕೋಟ್ ಸೀಲರ್ ಹಚ್ಚಿದೆವು. ಸೀಲರ್ ಹಚ್ಚುವಾಗ ನೆಕ್ ಕೂರುವ ಗುಳಿಗೆ ಟೇಪ್ ಅಂಟಿಸಬೇಕಿತ್ತು. ಅಂಟಿಸಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಬಿಳಿ ಮಬ್ಬು

ಜೂನ್ ಎರಡನೇ ವಾರ. ನಮ್ಮ ಓಣಿಯ ಬಡಗಿ ಆಚಾರ್ರ ಹತ್ತಿರ ಸಣ್ಣ ಸ್ಪ್ರೇ ಗನ್ ಎರವಲು ತಂದಿದ್ದೆ. ರಾತ್ರಿಯಿಡೀ ಮಳೆ ಸುರಿದು ಬೆಳಿಗ್ಗೆ ಬಿಟ್ಟಿತ್ತು. ಮಳೆ ಬಿಟ್ಟಿದೆಯಲ್ಲ ಅಂತ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಎಂಬ ಪಾರದರ್ಶಕ ಪಾಲಿಶಿನ ಮೊದಲ ಕೋಟ್ ಹೊಡೆದೆವು. ಒದ್ದೆ ಇರುವಾಗ ಬಣ್ಣ ಎಷ್ಟು ಚೆನ್ನಾಗಿ ಹೊಳೆಯಿತು ಅಂದರೆ ಮಗಳು ಅಜ್ಜಿಯನ್ನು ಕರೆದುಕೊಂಡು ಬರಲು ಒಳಗೆ ಓಡಿದಳು. ಅವರು ಬರುವಷ್ಟರಲ್ಲಿ ಬಾಡಿಯ ಮೇಲೆ ತೆಳು ಹಾಲಿನಂಥ ಮಬ್ಬು ಏಳಲು ಶುರುವಾಗಿತ್ತು. ಹತ್ತು ನಿಮಿಷದಲ್ಲಿ ಪೂರ್ತಿ ಬಿಳುಚಿತು.

"ಅಪ್ಪಾ, ಇದು ಬೂಷ್ಟು ಬಂದದ್ದಾ?"

ಬೂಷ್ಟಲ್ಲ. ನಾನು ಭೌತಶಾಸ್ತ್ರ ಕಲಿಸುವವನು, ಕಾರಣ ಗೊತ್ತಿತ್ತು, ಆದರೆ ಹೊಡೆಯುವ ಮೊದಲು ಹೊಳೆಯಲಿಲ್ಲ. ಲ್ಯಾಕರಿನಲ್ಲಿರುವ ತಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಕೈಗೆ ಸ್ಪಿರಿಟ್ ಹಚ್ಚಿದಾಗ ತಂಪಾಗುವ ಹಾಗೆ. ಮೇಲ್ಮೈ ಇಬ್ಬನಿ ಬಿಂದುವಿಗಿಂತ ಕೆಳಗೆ ತಣಿದರೆ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಆ ನೀರು ಹಸಿ ಲ್ಯಾಕರಿನಲ್ಲಿ ಸೇರಿ ಬಿಳಿ ಮಬ್ಬಾಗುತ್ತದೆ.

ಆಮೇಲೆ ಜಗಲಿಯಲ್ಲಿ ಒಣ ಮತ್ತು ಒದ್ದೆ ಬಲ್ಬಿನ ಥರ್ಮಾಮೀಟರ್ ಇಟ್ಟು ಅಳೆದೆವು. ಉಷ್ಣತೆ 27 ಡಿಗ್ರಿ, ತೇವಾಂಶ ಶೇಕಡಾ 92. ಆ ಸ್ಥಿತಿಯಲ್ಲಿ ಇಬ್ಬನಿ ಬಿಂದು ಸುಮಾರು 25.6 ಡಿಗ್ರಿ. ಅಂದರೆ ಮೇಲ್ಮೈ ಒಂದೂವರೆ ಡಿಗ್ರಿ ತಣಿದರೂ ಸಾಕು, ನೀರು ಕೂರುತ್ತದೆ. ತಿನ್ನರ್ ಅದಕ್ಕಿಂತ ಎಷ್ಟೋ ಜಾಸ್ತಿ ತಣಿಸುತ್ತದೆ. ಮಳೆ ಬಿಟ್ಟಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಸಂಜೆ ಗನ್ ವಾಪಸ್ ಕೊಡುವಾಗ ಬಾಡಿಯನ್ನೂ ತೆಗೆದುಕೊಂಡು ಹೋದೆ. ಆಚಾರ್ರು ಬೆಳಕಿಗೆ ಹಿಡಿದು ನೋಡಿದರು.

"ಎಂತ ಮಾಸ್ಟ್ರೆ, ಈ ಮಳೆಗೆ ಪಾಲಿಶ್ ಹೊಡೆದದ್ದಾ? ನನ್ನ ಹತ್ತಿರ ಒಂದು ಮಾತು ಕೇಳ್ಬಾರದಿತ್ತಾ?"

"ಹಾಳಾಯ್ತಾ ಆಚಾರ್ರೇ?"

"ಹಾಳಾಗ್ಲಿಲ್ಲ. ಬಿಸಿಲು ಬಂದ ಮೇಲೆ ಬರೀ ತಿನ್ನರ್ ಹೊಡೆದ್ರೆ ಹೋಗ್ತದೆ. ಈಗ ಮುಟ್ಟುವುದು ಬೇಡ. ದೀಪಾವಳಿ ಕಳೀಲಿ."

ತಿನ್ನರಿಗೆ ರಿಟಾರ್ಡರ್ ಸೇರಿಸಿದರೆ ಅದು ನಿಧಾನವಾಗಿ ಆವಿಯಾಗಿ ಮಬ್ಬು ಕಡಿಮೆಯಾಗುತ್ತದೆ ಅಂತಲೂ ಹೇಳಿದರು. ಆದರೆ ಇಂಥ ಗಾಳಿಯಲ್ಲಿ ಅದನ್ನೂ ನಂಬುವುದಿಲ್ಲ ಅಂದರು. ಮನೆ ಕಟ್ಟುವವರ ಅವಸರಕ್ಕೆ ಅವರು ಮಳೆಗಾಲದಲ್ಲೂ ಪಾಲಿಶ್ ಮಾಡಬೇಕಾಗುತ್ತದೆ. ನಮಗೆ ಅಂಥ ಅವಸರ ಇರಲಿಲ್ಲ. ಬಾಡಿಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆವು.

ನೂಲು ಕಟ್ಟಿ ನೋಡಿದಾಗ

ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್. ಹೊರಗೆ ಕಾಲಿಡಲು ಆಗದ ಮಳೆ. ಮಗಳಿಗೆ ಕೈ ಸುಮ್ಮನಿರಲಿಲ್ಲ. "ಅಪ್ಪಾ, ಪಾಲಿಶ್ ಇಲ್ಲದಿದ್ರೆ ಏನಾಯ್ತು? ಸುಮ್ನೆ ಜೋಡಿಸಿ ನೋಡುವ" ಅಂದಳು. ಬಾಡಿ ಕೆಳಗಿಳಿಯಿತು.

ಗಿಟಾರಿನಲ್ಲಿ ಎಲ್ಲ ಲೆಕ್ಕವೂ ಒಂದು ಉದ್ದದ ಮೇಲೆ ನಿಂತಿದೆ. ತಂತಿ ನೆಕ್ಕಿನ ಮೇಲ್ತುದಿಯ ನಟ್ ಎಂಬ ಸಣ್ಣ ಪಟ್ಟಿಯಿಂದ ಹೊರಟು ಬ್ರಿಜ್ಜಿನ ಸ್ಯಾಡಲ್, ಅಂದರೆ ತಂತಿ ಕೂರುವ ಪುಟ್ಟ ತುಂಡಿನ ತನಕ ಹೋಗುತ್ತದೆ. ಈ ಮಾದರಿಯಲ್ಲಿ ಆ ಉದ್ದ 648 ಮಿಲಿಮೀಟರ್. ನೆಕ್ಕಿನ ಮೇಲೆ ಅಡ್ಡಲಾಗಿ ನೆಟ್ಟ ಲೋಹದ ಮೆಟ್ಟಿಲುಗಳೇ ಫ್ರೆಟ್ಟುಗಳು. ಮೊದಲ ಫ್ರೆಟ್ ನಟ್‌ನಿಂದ 36.37 ಮಿ.ಮೀ. ದೂರ. ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ಟಿನ ದೂರ ಸಿಗುತ್ತದೆ, ಹೀಗೇ ಮುಂದೆ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324 ಮಿ.ಮೀ.ಗೆ ಬೀಳುತ್ತದೆ. ಫ್ರೆಟ್ಟುಗಳನ್ನು ಕಾರ್ಖಾನೆಯಲ್ಲೇ ನೆಟ್ಟಿರುತ್ತಾರೆ. ನಾವು ಕೂರಿಸುವುದು ನೆಕ್ ಮತ್ತು ಬ್ರಿಜ್. ಇವೆರಡರ ನಡುವಿನ ದೂರ ತಪ್ಪಿದರೆ ಫ್ರೆಟ್ ಎಷ್ಟು ಕರಾರುವಾಕ್ಕಾಗಿದ್ದರೂ ಪ್ರಯೋಜನ ಇಲ್ಲ.

ನಮ್ಮ ಬಾಡಿಯಲ್ಲಿ ಬ್ರಿಜ್ ಸ್ಕ್ರೂಗಳಿಗೆ ತೂತು ಇರಲಿಲ್ಲ, ನಾಲ್ಕು ಚುಕ್ಕಿ ಗುರುತು ಮಾತ್ರ ಇತ್ತು. ನೆಕ್ಕಿನ ಬುಡದಲ್ಲೂ ಸ್ಕ್ರೂ ತೂತು ಇರಲಿಲ್ಲ. ನೆಕ್ಕನ್ನು ಗುಳಿಯಲ್ಲಿ ಒತ್ತಿ, ಕ್ಲಾಂಪ್ ಬಿಗಿದು, ಬ್ರಿಜ್ಜನ್ನು ಚುಕ್ಕಿಗಳ ಮೇಲೆ ಟೇಪ್ ಹಾಕಿ ನಿಲ್ಲಿಸಿದೆವು. ನಟ್‌ನ ಎರಡು ಕೊನೆಯ ಗಾಡಿಯಿಂದ, ಅಂದರೆ ತಂತಿ ಕೂರುವ ತೋಡಿನಿಂದ, ಎರಡು ಬಿಳಿ ನೂಲು ಎಳೆದು ಸ್ಯಾಡಲಿನ ಹಿಂದೆ ಕಟ್ಟಿದೆವು. ದಪ್ಪ ತಂತಿಗೆ ಒಂದು, ತೆಳು ತಂತಿಗೆ ಒಂದು. ಆಮೇಲೆ ಸ್ಟೀಲ್ ಸ್ಕೇಲ್ ಹಿಡಿದು ಅಳೆದೆವು.

ಎರಡು ತಪ್ಪು ಕಂಡವು.

ಒಂದು, ಕೊನೆಯ ಫ್ರೆಟ್ಟಿನ ಹತ್ತಿರ ತೆಳು ತಂತಿಯ ನೂಲಿನಿಂದ ನೆಕ್ಕಿನ ಅಂಚಿಗೆ 2 ಮಿ.ಮೀ. ಜಾಗ. ದಪ್ಪ ತಂತಿಯ ಕಡೆ ನಾಲ್ಕೂವರೆ. ಎರಡೂ ಕಡೆ ಮೂರು ಚಿಲ್ಲರೆ ಇರಬೇಕಿತ್ತು. ಹೀಗೇ ಬಿಟ್ಟರೆ ನುಡಿಸುವಾಗ ತೆಳು ತಂತಿ ಜಾರಿ ಅಂಚಿನಿಂದ ಕೆಳಗೆ ಬೀಳುತ್ತದೆ. ಎರಡು, ತೆಳು ತಂತಿಯ ಸ್ಯಾಡಲನ್ನು ಪೂರ್ತಿ ಮುಂದೆ ತಂದರೂ ನಟ್‌ನಿಂದ ಅಲ್ಲಿಗೆ 650.5 ಮಿ.ಮೀ. ಇತ್ತು. ಎರಡೂವರೆ ಮಿಲಿಮೀಟರ್ ಜಾಸ್ತಿ. ಫ್ರೆಟ್ಟಿನ ಮೇಲಕ್ಕೆ ಹೋದಷ್ಟೂ ಸ್ವರ ಇಳಿಯುತ್ತಿತ್ತು, ಸ್ಯಾಡಲ್ ತಿರುಗಿಸಿ ಸರಿ ಮಾಡಲು ಜಾಗವೇ ಇರಲಿಲ್ಲ.

ಮೊದಲು ನಾನು ಇವನ್ನು ಬೇರೆ ಬೇರೆ ತಪ್ಪು ಅಂದುಕೊಂಡೆ. ವಾರೆಗೆ ನೆಕ್ ಕಾರಣ, ಉದ್ದಕ್ಕೆ ಬ್ರಿಜ್ಜಿನ ಚುಕ್ಕಿ ಕಾರಣ. ಹಾಗಾದರೆ ಬ್ರಿಜ್ಜನ್ನು ಮುಂದೆ ಸರಿಸಿದರೆ ಆಯಿತು ಅಲ್ವಾ? ಆದರೆ ಟೆಲಿಕಾಸ್ಟರಿನಲ್ಲಿ ಒಂದು ಪಿಕಪ್ ಬ್ರಿಜ್ಜಿನ ತಗಡಿನಲ್ಲೇ ನೇತಾಡುತ್ತದೆ, ಅದಕ್ಕೆ ಬಾಡಿಯಲ್ಲಿ ಗುಂಡಿ ಕೊರೆದಿರುತ್ತಾರೆ. ಬ್ರಿಜ್ ಸರಿಸಿದರೆ ಪಿಕಪ್ ಗುಂಡಿಯ ಗೋಡೆಗೆ ತಾಗುತ್ತದೆ. ಆ ಸಂಜೆ ಅಲ್ಲಿಗೇ ನಿಲ್ಲಿಸಿದೆವು.

ಮರುದಿನ ನೆಕ್ ಬಿಚ್ಚಿ ಗುಳಿಯೊಳಗೆ ಟಾರ್ಚ್ ಹಾಕಿದಾಗ ವಿಷಯ ತಿಳಿಯಿತು. ನೆಕ್ಕಿನ ಬುಡ ಚೌಕ, ಅದರ ಮೂಲೆಗಳು ಚೂಪು. ಗುಳಿಯ ಮೂಲೆಗಳು ಮಾತ್ರ ದುಂಡಗೆ, ಯಾಕೆಂದರೆ ತಿರುಗುವ ರೌಟರ್ ಬಿಟ್ ಚೂಪು ಮೂಲೆ ಕೊರೆಯಲಾರದು. ದಪ್ಪ ತಂತಿಯ ಕಡೆಯ ಮೂಲೆಯಲ್ಲಿ ನಮ್ಮದೇ ಸೀಲರ್ ಹರಿದು ಗಟ್ಟಿಯಾಗಿ ಕೂತಿತ್ತು. ನೆಕ್ ಗುಳಿಯ ಕೊನೆಯ ಗೋಡೆಗೆ ಮುಟ್ಟುತ್ತಲೇ ಇರಲಿಲ್ಲ. ಒಂದು ಮೂಲೆಯಲ್ಲಿ 3 ಮಿ.ಮೀ. ಸಂದು, ಇನ್ನೊಂದರಲ್ಲಿ ಎರಡೂವರೆ. ಉದ್ದ ಜಾಸ್ತಿಯಾಗಲು ಆ ಸಂದು ಕಾರಣ. ವಾರೆಯಾಗಲು ಎರಡು ಮೂಲೆಗಳ ನಡುವಿನ ಆ ಅರ್ಧ ಮಿಲಿಮೀಟರ್ ಕಾರಣ.

ಅರ್ಧ ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಗುಳಿಯ ಉದ್ದ ಸುಮಾರು 75 ಮಿ.ಮೀ. ಅದರ ಹೊರಗೆ ನೆಕ್ 390 ಮಿ.ಮೀ. ಚಾಚಿಕೊಂಡಿದೆ. ಗುಳಿಯೊಳಗೆ ಅರ್ಧ ಮಿಲಿಮೀಟರ್ ವಾರೆಯಾದರೆ ನಟ್ ಹತ್ತಿರ ಅದು ಎರಡೂವರೆ ಮಿಲಿಮೀಟರಿಗೂ ಜಾಸ್ತಿ ಆಗುತ್ತದೆ. ಬಾಗಿಲಿನ ತಿರುಗಣಿ ಹತ್ತಿರ ಬೆರಳಿಟ್ಟರೆ ಆ ಕಡೆ ಎಷ್ಟು ತೆರೆಯುತ್ತದೆ, ಹಾಗೆ.

ಆಚಾರ್ರು ಅರ್ಧ ಇಂಚಿನ ಉಳಿಯಿಂದ ಗುಳಿಯ ಎರಡೂ ಮೂಲೆಗಳನ್ನು ಚೌಕ ಮಾಡಿಕೊಟ್ಟರು. ಹತ್ತು ನಿಮಿಷ ಹಿಡಿಯಲಿಲ್ಲ. ಒತ್ತಿದಾಗ ನೆಕ್ ಟಕ್ ಅಂತ ಕೊನೆಯ ಗೋಡೆಗೆ ಕೂತಿತು. ಪಕ್ಕದಲ್ಲಿ ಸ್ವಲ್ಪ ಸಡಿಲ ಉಳಿದಿತ್ತು. ಸಾಗುವಾನಿ ವೆನೀರಿನ ಅರ್ಧ ಮಿಲಿಮೀಟರ್ ಪಟ್ಟಿ ಕತ್ತರಿಸಿ ತೆಳು ತಂತಿಯ ಕಡೆಯ ಗೋಡೆಗೆ ಅಂಟಿಸಿದೆವು. ಮತ್ತೆ ನೂಲು ಕಟ್ಟಿದೆವು. ಎರಡೂ ಕಡೆ ಮೂರೂಕಾಲು ಮಿ.ಮೀ. ತೆಳು ತಂತಿಯ ಸ್ಯಾಡಲ್ ಪೂರ್ತಿ ಮುಂದಿದ್ದಾಗ 647.5. ಬ್ರಿಜ್ಜಿನ ಚುಕ್ಕಿಗಳು ಮೊದಲಿನಿಂದಲೂ ಸರಿಯಾಗಿಯೇ ಇದ್ದವು. ಅವಸರದಲ್ಲಿ ಬ್ರಿಜ್ ಸರಿಸಿ ತೂತು ಕೊರೆದಿದ್ದರೆ ಸರಿ ಇದ್ದದ್ದನ್ನೂ ಕೆಡಿಸುತ್ತಿದ್ದೆವು.

ಪಾಲಿಶ್ ಆದ ಬಾಡಿಯಲ್ಲಿ ಈ ಉಳಿ ಕೆಲಸ ಮಾಡಿದ್ದರೆ ಗುಳಿಯ ಅಂಚಿನಲ್ಲಿ ಲ್ಯಾಕರ್ ಸೀಳಿ ಎದ್ದು ಬರುತ್ತಿತ್ತು. ಅದಕ್ಕಿಂತ ಮುಖ್ಯ, ಪಾಲಿಶ್ ಆಗಿದ್ದರೆ ನಾವು ಅಳೆಯುತ್ತಲೇ ಇರಲಿಲ್ಲ. ಚುಕ್ಕಿ ಇದೆ, ತೂತು ಕೊರೆ, ಸ್ಕ್ರೂ ಬಿಗಿ, ಮುಗಿಯಿತು ಅನ್ನುತ್ತಿದ್ದೆವು.

ನೆಕ್ಕಿನ ತೂತು ಕೊರೆಯುವಾಗ ಇಬ್ಬರಿಗೂ ಉಸಿರು ಬಿಗಿಹಿಡಿದಂತಾಗಿತ್ತು. ಸ್ಕ್ರೂ 45 ಮಿ.ಮೀ. ಉದ್ದ, ನೆಕ್ಕಿನೊಳಗೆ ಹೋಗುವುದು ಸುಮಾರು 15. ಡ್ರಿಲ್ ಬಿಟ್‌ಗೆ 17 ಮಿ.ಮೀ. ಗುರುತಿಗೆ ಟೇಪ್ ಸುತ್ತಿದೆವು, ಇಲ್ಲದಿದ್ದರೆ ತೂತು ಮೇಲಿನ ಫ್ರೆಟ್ ಹಲಗೆಯಲ್ಲಿ ಹೊರಬರುತ್ತದೆ. ಮೇಪಲ್ ಗಟ್ಟಿ ಮರವಾದ್ದರಿಂದ ಸ್ಕ್ರೂಗೆ ಮೇಣದ ಬತ್ತಿ ಉಜ್ಜಿ ಬಿಗಿದೆವು. ಇಷ್ಟು ಜಾಗ್ರತೆ ಬಿರಡೆಯ ಸಣ್ಣ ಸ್ಕ್ರೂಗಳಿಗೆ ತೋರಿಸಲಿಲ್ಲ. ತೂತು ಕೊರೆಯದೆ ಒಂದನ್ನು ತಿರುಗಿಸಿದೆ, ತಲೆ ಮುರಿದು ಕೈಗೆ ಬಂತು, ಬುಡ ಹೆಡ್‌ಸ್ಟಾಕಿನೊಳಗೇ ಉಳಿಯಿತು. ಆಚಾರ್ರು ಹಳೆ ರೇಡಿಯೋ ಆಂಟೆನಾದ ತೆಳು ಕೊಳವೆಯ ತುದಿಗೆ ಅರದಿಂದ ಹಲ್ಲು ಮಾಡಿ, ಅದನ್ನೇ ಡ್ರಿಲ್ಲಿಗೆ ಸಿಕ್ಕಿಸಿ ಸ್ಕ್ರೂವಿನ ಸುತ್ತ ಕೊರೆದು ತೆಗೆದರು. ಆ ತೂತಿಗೆ ಮರದ ಕಡ್ಡಿ ಅಂಟಿಸಿ ಮತ್ತೆ ಕೊರೆದೆವು. ಅವರ ಈ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆ.

ಅಮ್ಮನ ಪ್ರಶ್ನೆ

ಆಗಸ್ಟಿನಲ್ಲಿ ಫ್ರೆಟ್ ನೋಡಿದೆವು. ಸ್ಕೇಲಿನ ಅಂಚನ್ನು ಒಮ್ಮೆಗೆ ಮೂರು ಫ್ರೆಟ್ ಮೇಲೆ ನಿಲ್ಲಿಸಿ ಅಲುಗಾಡಿಸುವುದು. ಕಟಕಟ ಅಂದರೆ ನಡುವಿನದು ಎತ್ತರ ಇದೆ ಅಂತ ಅರ್ಥ. ಹದಿನಾಲ್ಕನೆಯದು ಪೂರ್ತಿ ಕೂತಿರಲಿಲ್ಲ. ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆತ್ತಗೆ ಬಡಿದಾಗ ಕೂತಿತು. ಉಳಿದವಕ್ಕೆ ಮಾರ್ಕರ್ ಶಾಯಿ ಹಚ್ಚಿ, ನೇರವಾದ ಅಲ್ಯೂಮಿನಿಯಂ ಪಟ್ಟಿಗೆ ಸ್ಯಾಂಡ್ ಪೇಪರ್ ಅಂಟಿಸಿ ಹಗುರವಾಗಿ ಉಜ್ಜಿದೆವು. ಶಾಯಿ ಎಲ್ಲ ಫ್ರೆಟ್ಟಿನ ಮೇಲಿಂದಲೂ ಸಮವಾಗಿ ಹೋದ ಕೂಡಲೇ ನಿಲ್ಲಿಸಬೇಕು.

ಅಮ್ಮ ಚಿಕ್ಕಂದಿನಲ್ಲಿ ವೀಣೆ ಕಲಿತವರು. ನಮ್ಮ ಕೆಲಸ ನೋಡುತ್ತ ಕೂತಿದ್ದರು.

"ಇದರ ಮೆಟ್ಟಿಲು ಅಲುಗಾಡಿಸ್ಲಿಕ್ಕೆ ಆಗುದಿಲ್ಲವಾ? ಮತ್ತೆ ಶ್ರುತಿ ತಪ್ಪಿದ್ರೆ ಎಂತ ಮಾಡುದು?"

ಬಹಳ ಒಳ್ಳೆಯ ಪ್ರಶ್ನೆ ಅದು. ವೀಣೆಯ 24 ಹಿತ್ತಾಳೆ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಕಾಲ ಕಳೆದಂತೆ ಸ್ವರ ತಪ್ಪಿದರೆ ಮೇಣ ತೆಗೆದು, ಕಿವಿಯಲ್ಲಿ ಕೇಳುತ್ತ ಒಂದೊಂದನ್ನೇ ಮತ್ತೆ ಕೂರಿಸುತ್ತಾರೆ. ಗಿಟಾರಿನಲ್ಲಿ ಮೆಟ್ಟಿಲು ಮರದಲ್ಲಿ ನೆಟ್ಟದ್ದು, ಅದನ್ನು ಸರಿಸುವ ಹಾಗಿಲ್ಲ. ಬದಲಿಗೆ ಕುದುರೆಯನ್ನು, ಅಂದರೆ ಸ್ಯಾಡಲನ್ನು ಸರಿಸುತ್ತೇವೆ. ಬ್ರಿಜ್ಜಿನಲ್ಲಿ ಒಂದೊಂದು ತಂತಿಗೂ ಒಂದೊಂದು ಪುಟ್ಟ ಕುದುರೆ, ಹಿಂದಿನ ಸ್ಕ್ರೂ ತಿರುಗಿಸಿದರೆ ಹಿಂದೆ ಮುಂದೆ ಹೋಗುತ್ತದೆ. ಮೊದಲ ಟೆಲಿಕಾಸ್ಟರುಗಳಲ್ಲಿ ಮೂರೇ ಇದ್ದವು, ಎರಡು ತಂತಿಗೆ ಒಂದು. ನಮ್ಮದರಲ್ಲಿ ಆರು. ಅಮ್ಮನಿಗೆ ತೋರಿಸಿದಾಗ "ಓ, ಹಾಗಾದ್ರೆ ಸರಿ" ಅಂದರು.

ನಟ್‌ನ ಗಾಡಿಗಳು ಕಿಟ್‌ಗಳಲ್ಲಿ ಸಾಮಾನ್ಯವಾಗಿ ಆಳ ಸಾಲದೆ ಇರುತ್ತವೆ. ತಂತಿ ಎತ್ತರದಲ್ಲಿ ನಿಂತು, ಮೊದಲ ಫ್ರೆಟ್ಟಿನಲ್ಲಿ ಒತ್ತಿದಾಗ ಜಾಸ್ತಿ ಎಳೆದಂತಾಗಿ ಸ್ವರ ಏರುತ್ತದೆ. ಕಲಿಯುವ ಮಕ್ಕಳು "ನನ್ನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಯಾಕೋ ಸರಿ ಕೇಳುವುದಿಲ್ಲ" ಅಂತ ಬೇಜಾರು ಮಾಡಿಕೊಳ್ಳುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಇದಕ್ಕೆಂದೇ ಬರುವ ಅರದ ಸೆಟ್ ದುಬಾರಿ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಗ್ಯಾಸ್ ಕಟಿಂಗ್ ನಾಜಲ್ ಶುಚಿ ಮಾಡುವ ತೆಳು ಅರಗಳ ಕಟ್ಟು ಸಿಗುತ್ತದೆ, ಅದು ಸಾಕಾಯಿತು. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಬೇಕು. ಒಂದೆರಡು ಸಲ ಉಜ್ಜುವುದು, ತಂತಿ ಹಾಕಿ ನೋಡುವುದು, ಮತ್ತೆ ಉಜ್ಜುವುದು. ಜಾಸ್ತಿ ಹೋದರೆ ಹೊಸ ನಟ್ಟೇ ಬೇಕು. ಮಗಳ ಕೈ ನನ್ನ ಕೈಗಿಂತ ತಾಳ್ಮೆಯದು. ಆರನ್ನೂ ಅವಳೇ ಮಾಡಿದಳು.

ಮತ್ತೆ ಪಾಲಿಶ್

ದೀಪಾವಳಿ ಕಳೆಯಿತು. ನವೆಂಬರಿನ ಒಂದು ಮಧ್ಯಾಹ್ನ 31 ಡಿಗ್ರಿ, ತೇವಾಂಶ ಶೇಕಡಾ 60. ಇಬ್ಬನಿ ಬಿಂದು 22 ಡಿಗ್ರಿ ಚಿಲ್ಲರೆ, ಅಂದರೆ ಎಂಟು ಡಿಗ್ರಿಗೂ ಜಾಸ್ತಿ ಅಂತರ. ಈ ಸಲ ಎಲ್ಲವನ್ನೂ ಬಿಚ್ಚಿ, ನೆಕ್ಕಿನ ಗುಳಿಗೆ ಟೇಪ್ ಅಂಟಿಸಿದೆವು. ಆಚಾರ್ರು ಹೇಳಿದ ಹಾಗೆ ಬರೀ ತಿನ್ನರನ್ನು ತೆಳ್ಳಗೆ ಹೊಡೆದಾಗ ಜೂನ್ ತಿಂಗಳ ಆ ಬಿಳಿ ಮಬ್ಬು ಕಣ್ಣೆದುರೇ ಕರಗಿ ಹೋಯಿತು. ಹಣ್ಣಡಿಕೆ ಬಣ್ಣ ಮತ್ತೆ ಹೊರಗೆ ಬಂತು. ಐದು ತಿಂಗಳು ಕಾದದ್ದಕ್ಕೆ ಸಿಕ್ಕ ಸಂತೋಷ ಅದು.

ಒಂದು ವಾರದಲ್ಲಿ ಎಂಟು ತೆಳು ಕೋಟ್ ಹೊಡೆದೆವು. ತಿನ್ನರ್ ಹೊತ್ತಿಕೊಳ್ಳುವ ವಸ್ತು, ಅದರ ಆವಿ ಉಸಿರಿಗೆ ಕೆಟ್ಟದ್ದು. ಹೊರಗಿನ ಜಗಲಿಯಲ್ಲಿ ಮಾಸ್ಕ್ ಹಾಕಿಕೊಂಡು, ಅಡುಗೆಮನೆಯ ಒಲೆ ಆರಿಸಿಯೇ ಮಾಡಿದೆವು. ಆಮೇಲೆ ಮೂರು ವಾರ ಮುಟ್ಟಲಿಲ್ಲ. ಎನ್‌ಸಿ ಲ್ಯಾಕರ್ ಒಂದು ಗಂಟೆಗೆ ಒಣಗಿದ ಹಾಗೆ ಕಂಡರೂ ಒಳಗಿಂದ ಕುಗ್ಗುತ್ತಲೇ ಇರುತ್ತದೆ. ಬೇಗ ಉಜ್ಜಿದರೆ ಹೊಳಪು ನಿಲ್ಲುವುದಿಲ್ಲ, ಒಂದು ತಿಂಗಳಿಗೆ ಮತ್ತೆ ಅಲೆ ಅಲೆಯಾಗುತ್ತದೆ.

ಮೂರು ವಾರದ ಮೇಲೆ 1000, 1500, 2000 ನಂಬರಿನ ವಾಟರ್ ಪೇಪರ್, ಸೋಪಿನ ನೀರು, ಕೊನೆಗೆ ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್. ಸ್ಕ್ರೂ ತೂತಿಗೆ ನೀರು ಹೋದರೆ ಮರ ಉಬ್ಬಿ ಸುತ್ತಲಿನ ಲ್ಯಾಕರ್ ಒಡೆಯುತ್ತದೆ, ಹಾಗಾಗಿ ತೂತುಗಳಿಗೆ ಮೇಣ ತುಂಬಿದ್ದೆವು. ಕೆಳಗಿನ ಅಂಚಿನಲ್ಲಿ ಒಂದು ಕಡೆ ಉಜ್ಜಿದ್ದು ಜಾಸ್ತಿಯಾಗಿ ಲ್ಯಾಕರ್, ಬಣ್ಣ ದಾಟಿ ಮರ ಕಂಡಿತು, ಹೆಸರುಕಾಳಿನಷ್ಟು. ಅಂಚುಗಳಲ್ಲಿ ಕೋಟ್ ಯಾವಾಗಲೂ ತೆಳು, ಅಲ್ಲಿ ಕೈ ಹಗುರ ಇರಬೇಕು. ಮಗಳು ಅದನ್ನು ಹಾಗೇ ಬಿಡೋಣ ಅಂದಳು. ಬಿಟ್ಟೆವು.

ಗುಂಯ್ ಅನ್ನುವ ಸದ್ದು

ವೈರಿಂಗ್ ಅರ್ಧ ದಿನದ ಕೆಲಸ. ಒಂದೇ ತೊಡಕು, ಪಾಟ್‌ನ ಬೆನ್ನಿಗೆ ಗ್ರೌಂಡ್ (ಅರ್ತ್) ವೈರ್ ಬೆಸುಗೆ ಹಾಕಲು 25 ವ್ಯಾಟಿನ ಐರನ್ ಸಾಲಲಿಲ್ಲ. ಅಷ್ಟು ದೊಡ್ಡ ಲೋಹ ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಬೆನ್ನನ್ನು ಸ್ಯಾಂಡ್ ಪೇಪರಿನಲ್ಲಿ ಒರಟು ಮಾಡಿ, 60 ವ್ಯಾಟಿನದ್ದು ಹಿಡಿದಾಗ ಕೂತಿತು.

ಆಂಪ್ಲಿಫೈಯರಿಗೆ ಹಾಕಿದಾಗ ಸ್ವರ ಬಂತು, ಜೊತೆಗೆ ದೊಡ್ಡದಾಗಿ ಗುಂಯ್ ಅಂತ ಸದ್ದು. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ವಿದ್ಯುತ್ ಹುಟ್ಟುತ್ತದೆ. ಅದೇ ಸುರುಳಿ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್ ಅನ್ನೂ ಹಿಡಿಯುತ್ತದೆ. ಒಂಟಿ ಸುರುಳಿಯ ಪಿಕಪ್‌ನಲ್ಲಿ ಸ್ವಲ್ಪ ಗುಂಯ್ ಸಹಜ. ಆದರೆ ನುಡಿಸುವವರು ತಂತಿ ಮುಟ್ಟಿದ ಕೂಡಲೇ ಅದು ಇಳಿಯಬೇಕು. ನಮ್ಮದರಲ್ಲಿ ತಂತಿ ಮುಟ್ಟಿದರೆ ವ್ಯತ್ಯಾಸ ಇಲ್ಲ, ಜ್ಯಾಕಿನ ಲೋಹ ಮುಟ್ಟಿದರೆ ಇಳಿಯುತ್ತಿತ್ತು.

ಅಂದರೆ ತಂತಿಗಳಿಗೆ ಗ್ರೌಂಡ್ ಸಿಗುತ್ತಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕಿನ ಹೊರಭಾಗಕ್ಕೆ ಇಟ್ಟು ನೋಡಿದರೆ ಸಂಪರ್ಕವೇ ಇಲ್ಲ. ಈ ಮಾದರಿಯಲ್ಲಿ ಗ್ರೌಂಡ್ ವೈರಿನ ಬರಿ ತುದಿಯನ್ನು ಬ್ರಿಜ್ ತಗಡಿನ ಕೆಳಗೆ ಮಡಚಿ ಒತ್ತುತ್ತಾರೆ ಅಷ್ಟೇ. ಬ್ರಿಜ್ ಬಿಗಿಯುವಾಗ ಆ ತುದಿ ಜಾರಿ ತೂತಿನೊಳಗೆ ಹೋಗಿತ್ತು. ಬಿಚ್ಚಿ, ವೈರನ್ನು ಇನ್ನೂ ಎರಡು ಸೆಂಟಿಮೀಟರ್ ಸುಲಿದು, ಬೀಸಣಿಗೆಯ ಹಾಗೆ ಎಳೆಗಳನ್ನು ಬಿಡಿಸಿ ತಾಮ್ರದ ಟೇಪಿನಿಂದ ಮರಕ್ಕೆ ಅಂಟಿಸಿ ಬ್ರಿಜ್ ಕೂರಿಸಿದೆವು. ಮೀಟರ್ ಸೊನ್ನೆ ತೋರಿಸಿತು. ಕೈ ಇಟ್ಟರೆ ಗುಂಯ್ ಇಳಿಯಿತು.

ಕೊನೆಯ ಅಳತೆ

ಡಿಸೆಂಬರ್ ಮೂರನೇ ವಾರ ಶ್ರುತಿ ಕೂರಿಸಿದೆವು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದರೆ ಒಂದು ಸ್ವರ, ಒತ್ತಿ ಮೀಟಿದರೆ ಒಂದು ಸ್ವರ. ಎರಡೂ ಒಂದೇ ಆಗಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದೆ, ಇಳಿದಿದ್ದರೆ ಮುಂದೆ. ದಪ್ಪ ತಂತಿಯ ಸ್ಯಾಡಲ್ ಎಲ್ಲಕ್ಕಿಂತ ಹಿಂದೆ ಹೋಗಿ ನಿಂತಿತು. ತೆಳು ತಂತಿಯದು 648.5ಕ್ಕೆ ನಿಂತಿತು. ಆಟಿಯಲ್ಲಿ ಮೂಲೆ ಕೆತ್ತದಿದ್ದರೆ ಈ ಜಾಗಕ್ಕೆ ಅದು ಬರಲು ಸಾಧ್ಯವೇ ಇರಲಿಲ್ಲ.

ಹಣದ ಲೆಕ್ಕವನ್ನೂ ಹೇಳಬೇಕು. ಕಿಟ್‌ಗೆ 9,200 ರೂಪಾಯಿ. ಪೇಪರ್, ಸೀಲರ್, ಲ್ಯಾಕರ್, ತಿನ್ನರ್, ಅರ, ಹೊಸ ತಂತಿ ಸೇರಿ ಇನ್ನೂ 3,400. ಆಚಾರ್ರು ದುಡ್ಡು ತೆಗೆದುಕೊಳ್ಳಲಿಲ್ಲ. ಇಷ್ಟು ಹಣಕ್ಕೆ ಅಂಗಡಿಯಲ್ಲಿ ರೆಡಿ ಗಿಟಾರು ಸಿಗುತ್ತದೆ, ಮೊದಲ ದಿನವೇ ನುಡಿಸಬಹುದು. ಉಳಿತಾಯಕ್ಕೆ ಅಂತ ಯಾರೂ ಕಿಟ್ ತರಬೇಡಿ. ಮರ, ಅಳತೆ, ಸ್ವರ ಇವುಗಳ ನಂಟು ಕೈಯಾರೆ ತಿಳಿಯಬೇಕು ಅನ್ನುವವರು ತನ್ನಿ.

ಗಿಟಾರಿಗೆ ಈಗ ಒಂದು ಮಳೆಗಾಲ ದಾಟುವ ಸಮಯ. ಈ ಜೂನಿನಲ್ಲಿ ತಂತಿಗಳು ಸ್ವಲ್ಪ ಎತ್ತರವಾಗಿವೆ ಅಂತ ಮಗಳು ಹೇಳಿದಳು. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದು, ಏಳನೇ ಫ್ರೆಟ್ಟಿನ ಮೇಲಿನ ಸಂದಿಗೆ ಎ4 ಹಾಳೆ ತೂರಿಸಿ ನೋಡಿದೆವು. ಡಿಸೆಂಬರಿನಲ್ಲಿ ಎರಡು ಹಾಳೆ ಹಿಡಿಯುತ್ತಿತ್ತು, ಈಗ ನಾಲ್ಕು. ತೇವಕ್ಕೆ ನೆಕ್ ಬಾಗಿದೆ. ನೆಕ್ಕಿನ ಬಾಗು ಸರಿಪಡಿಸಲು ಅದರೊಳಗೆ ಇರುವ ಲೋಹದ ಸರಳು, ಟ್ರಸ್ ರಾಡಿಗೆ ಅಲೆನ್ ಕೀ ಹಾಕಿ ಎಂಟನೇ ಒಂದು ಸುತ್ತು ತಿರುಗಿಸಿದಳು, ರಾತ್ರಿ ಬಿಟ್ಟಳು, ಬೆಳಿಗ್ಗೆ ಮತ್ತೆ ಅಷ್ಟೇ ತಿರುಗಿಸಿದಳು. ಎರಡು ಹಾಳೆ. ದಿನಾಂಕ, ತೇವಾಂಶ, ಹಾಳೆಯ ಲೆಕ್ಕ ಮೂರನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿದ್ದಾಳೆ.